“ಕುಡಿದಿರಬೇಕು ಬಿಡಿ”: ಡೇವಿಡ್ ರೋಸೆನ್‌ಬಾಮ್ ಪ್ರಕರಣ

2006ರ ಜನವರಿ 6, ಶುಕ್ರವಾರ ರಾತ್ರಿ. ವಾಷಿಂಗ್ಟನ್ ಡಿ.ಸಿ.ಯ ವಾಯವ್ಯ ಭಾಗದ ಗ್ರಾಮರ್ಸಿ ಸ್ಟ್ರೀಟ್. ಡೇವಿಡ್ ರೋಸೆನ್‌ಬಾಮ್ ಊಟ ಮುಗಿಸಿ ವಾಕಿಂಗ್ ಹೊರಟಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದರು. ವಯಸ್ಸು 63. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾಷಿಂಗ್ಟನ್ ಕಚೇರಿಯಲ್ಲಿ ಮೂರು ದಶಕಕ್ಕೂ ಜಾಸ್ತಿ ಕೆಲಸ ಮಾಡಿದವರು. ತೆರಿಗೆ, ಬಜೆಟ್, ಪಿಂಚಣಿಯಂಥ ಒಣ ವಿಷಯಗಳನ್ನು ಓದುಗರಿಗೆ ಬಿಡಿಸಿ ಹೇಳುವುದರಲ್ಲಿ ಪಳಗಿದ ಕೈ. ನಿವೃತ್ತರಾಗಿ ಕೆಲವೇ ವಾರ ಆಗಿತ್ತು.

ಮನೆಯ ಹತ್ತಿರದಲ್ಲೇ ಇಬ್ಬರು ಅವರನ್ನು ಅಡ್ಡಗಟ್ಟಿದರು. ಪೈಪಿನಿಂದ ತಲೆಗೆ ಹೊಡೆದು, ಪರ್ಸ್ ಕಿತ್ತುಕೊಂಡು ಹೋದರು.

ಫುಟ್‌ಪಾತ್ ಮೇಲೆ ಬಿದ್ದಿದ್ದ ಅವರನ್ನು ನೋಡಿದ್ದು ಆ ಬೀದಿಯವರೇ. ರಾತ್ರಿ ಸುಮಾರು ಒಂಬತ್ತೂವರೆಗೆ ತುರ್ತು ಸೇವೆಗೆ ಫೋನ್ ಹೋಯಿತು. ಮೊದಲು ಬಂದದ್ದು ಅಗ್ನಿಶಾಮಕ ದಳದವರು. ಅಲ್ಲಿನ ಪದ್ಧತಿಯೇ ಹಾಗೆ, ಬೆಂಕಿ ಇರಲಿ ಇಲ್ಲದಿರಲಿ ಹತ್ತಿರದ ಫೈರ್ ಎಂಜಿನ್ ಮೊದಲು ಬರುತ್ತದೆ, ಆಂಬುಲೆನ್ಸ್ ಹಿಂದಿನಿಂದ. ಬಂದವರಿಗೆ ಕಂಡದ್ದು ಇಷ್ಟು: ವಯಸ್ಸಾದ ಒಬ್ಬ ಗಂಡಸು ನೆಲದ ಮೇಲಿದ್ದಾನೆ, ಮಾತು ಸರಿಯಾಗಿ ಬರುತ್ತಿಲ್ಲ, ವಾಂತಿ ಮಾಡಿಕೊಂಡಿದ್ದಾನೆ, ಮದ್ಯದ ವಾಸನೆ ಬರುತ್ತಿದೆ. ಜೇಬಿನಲ್ಲಿ ಪರ್ಸ್ ಇಲ್ಲ. ಆದ್ದರಿಂದ ಹೆಸರೂ ಇಲ್ಲ.

ಕುಡಿದು ಬಿದ್ದಿದ್ದಾನೆ ಎಂದುಕೊಂಡರು. ಅಲ್ಲಿಗೆ ಯೋಚನೆ ನಿಂತಿತು.

ಆಮೇಲೆ ಆದದ್ದೆಲ್ಲ ಈ ಒಂದು ತೀರ್ಮಾನದ ನೆರಳಲ್ಲೇ ಆಯಿತು. ಆಂಬುಲೆನ್ಸ್ ದಾರಿ ತಪ್ಪಿ, ಬರುವುದಕ್ಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಸಿಬ್ಲಿ ಆಸ್ಪತ್ರೆ ಹತ್ತಿರದಲ್ಲಿತ್ತು. ಆದರೂ ಆಂಬುಲೆನ್ಸ್ ಹೋದದ್ದು ದೂರದ ಹೊವಾರ್ಡ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ. ಅದರಲ್ಲಿದ್ದ ಸಿಬ್ಬಂದಿಯ ಸ್ವಂತ ಅನುಕೂಲವೂ ಇದಕ್ಕೆ ಕಾರಣ ಅಂತ ಮುಂದೆ ತನಿಖೆಯಲ್ಲಿ ಗೊತ್ತಾಯಿತು. ತಲೆಗೆ ಪೆಟ್ಟು ಬಿದ್ದವನನ್ನು ಹೊತ್ತಿದ್ದೇವೆ ಅಂತ ಅನ್ನಿಸಿದ್ದರೆ ಹಾಗೆ ಮಾಡುತ್ತಿದ್ದರಾ? ನನಗಂತೂ ಅನುಮಾನ. ಕುಡಿದವನು ತಾನೇ, ಯಾವ ಆಸ್ಪತ್ರೆಯಾದರೇನು, ಅಲ್ವಾ?

ಪೊಲೀಸರೂ ಅದೇ ಮಾತನ್ನು ನಂಬಿದರು. ಹಾಗಾಗಿ ಆ ಜಾಗ ಅಪರಾಧ ನಡೆದ ಜಾಗ ಅಂತ ಮೊದಲಿಗೆ ಯಾರಿಗೂ ತೋಚಲಿಲ್ಲ. ಪರ್ಸ್ ಇಲ್ಲದಿರುವುದೇ ದೊಡ್ಡ ಸುಳಿವಾಗಿತ್ತು. ಆದರೆ ಕುಡುಕ ಪರ್ಸ್ ಕಳೆದುಕೊಳ್ಳುವುದು ಯಾರಿಗೂ ಆಶ್ಚರ್ಯ ಅನ್ನಿಸುವ ವಿಷಯವಲ್ಲ.

ಆಸ್ಪತ್ರೆಯಲ್ಲೂ ಕಥೆ ಬದಲಾಗಲಿಲ್ಲ. ಆಂಬುಲೆನ್ಸ್‌ನವರು ಬಾಯಲ್ಲಿ ಹೇಳಿದ್ದು “ಕುಡಿದಿದ್ದಾರೆ” ಅಂತ. ಬಾಗಿಲಲ್ಲಿ ಬರೆದುಕೊಂಡವರು ಅದನ್ನೇ ಬರೆದುಕೊಂಡರು. ಸ್ಟ್ರೆಚರ್ ಕಾರಿಡಾರ್ ಸೇರಿತು. ಕುಡಿದವರನ್ನು ಮಲಗಿಸಿ ನಶೆ ಇಳಿಯಲಿ ಅಂತ ಕಾಯುವುದು ಯಾವ ದೇಶದ ಕ್ಯಾಶುವಾಲ್ಟಿಗೂ ಹೊಸದಲ್ಲ. ಒಂದು ಗಂಟೆಗೂ ಜಾಸ್ತಿ ಅವರು ಹಾಗೇ ಇದ್ದರು. ಕೊನೆಗೆ ಯಾರೋ ಸರಿಯಾಗಿ ನೋಡಿದಾಗ ಇದು ನಶೆಯಲ್ಲ, ತಲೆಯೊಳಗಿನ ಗಾಯ ಅಂತ ಗೊತ್ತಾಯಿತು. ಸ್ಕ್ಯಾನ್ ಆಯಿತು, ಆಪರೇಷನ್ ಆಯಿತು. ಜನವರಿ 8ರಂದು ಅವರು ತೀರಿಕೊಂಡರು.

ಇತ್ತ ಮನೆಯಲ್ಲಿ ಹೆಂಡತಿ, ವಾಕಿಂಗ್‌ಗೆ ಹೋದವರು ಬರಲಿಲ್ಲ ಅಂತ ಹುಡುಕುತ್ತಿದ್ದರು.

ಒಂದೇ ಚಿತ್ರ, ಎರಡು ಕಾರಣ

ಈ ಪ್ರಕರಣದ ಬಗ್ಗೆ ಮಾತಾಡುವಾಗ ಎಲ್ಲರೂ ಮೊದಲು ಕೇಳುವುದು ಒಂದೇ: “ಅವರು ನಿಜವಾಗಿ ಕುಡಿದಿದ್ದರಾ?” ನನ್ನ ಪ್ರಕಾರ ಆ ಪ್ರಶ್ನೆಗೆ ಇಲ್ಲಿ ಬೆಲೆಯೇ ಇಲ್ಲ. ಒಂದು ಲೋಟ ವೈನ್ ಕುಡಿದಿದ್ದರೂ, ಇಡೀ ಬಾಟಲಿ ಖಾಲಿ ಮಾಡಿದ್ದರೂ, ಪೈಪಿನ ಏಟು ಅದೇ ಏಟು. ಕುಡಿದಿದ್ದಾರೆ ಅನ್ನುವುದು ತಲೆಗೆ ಪೆಟ್ಟಾಗಿಲ್ಲ ಅನ್ನುವುದಕ್ಕೆ ಪುರಾವೆಯಲ್ಲ. ನಿಜ ಹೇಳಬೇಕೆಂದರೆ ಕುಡಿದವರಿಗೇ ಪೆಟ್ಟು ಬೀಳುವ ಸಾಧ್ಯತೆ ಜಾಸ್ತಿ.

ತೊಡಕು ಇರುವುದು ಲಕ್ಷಣಗಳಲ್ಲಿ. ತೊದಲು ಮಾತು, ವಾಂತಿ, ತೂಕಡಿಕೆ, ಕರೆದರೆ ತಡವಾಗಿ ಕಣ್ಣು ಬಿಡುವುದು, ಮುಟ್ಟಿದರೆ ಬೈಯುವುದು, ಕೈ ಎತ್ತಿ ಹೊಡೆಯಲು ಬರುವುದು. ಇದಿಷ್ಟೂ ನಶೆಯಲ್ಲೂ ಇರುತ್ತದೆ, ತಲೆಬುರುಡೆಯೊಳಗೆ ರಕ್ತ ಸೋರುತ್ತಿರುವವರಲ್ಲೂ ಇರುತ್ತದೆ. ಹಾಸಿಗೆಯ ಪಕ್ಕ ನಿಂತು ಬರಿಗಣ್ಣಿನಿಂದ ಇವೆರಡನ್ನು ಬೇರೆ ಮಾಡುವುದು ಎಂಥ ಅನುಭವಸ್ಥರಿಗೂ ಕಷ್ಟ.

ಅದಕ್ಕೇ ಅಳತೆ ಬೇಕು. 1974ರಲ್ಲಿ ಗ್ಲಾಸ್ಗೋ ಊರಿನ ಟೀಸ್‌ಡೇಲ್ ಮತ್ತು ಜೆನೆಟ್ ಎಂಬಿಬ್ಬರು ಒಂದು ಸರಳ ಲೆಕ್ಕ ಕೊಟ್ಟರು. ಈಗ ಬಳಕೆಯಲ್ಲಿರುವ ಅದರ ರೂಪದಲ್ಲಿ ಕಣ್ಣು ಬಿಡುವುದಕ್ಕೆ ಹೆಚ್ಚೆಂದರೆ 4 ಅಂಕ, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6. ಒಟ್ಟು 15 ಬಂದರೆ ಪೂರ್ತಿ ಎಚ್ಚರ. ಕನಿಷ್ಠ 3. ಅಂಕ 8 ಅಥವಾ ಅದಕ್ಕಿಂತ ಕೆಳಗಿದ್ದರೆ ಉಸಿರಿನ ನಳಿಕೆ ಹಾಕುವ ಯೋಚನೆ ಶುರುವಾಗುತ್ತದೆ. ಇದಕ್ಕೆ ಯಂತ್ರ ಬೇಡ, ಕರೆಂಟ್ ಬೇಡ. ಒಬ್ಬರು ಎರಡು ನಿಮಿಷ ಪಕ್ಕದಲ್ಲಿ ನಿಂತು ಕರೆಯಬೇಕು, ಉಗುರಿನ ಮೇಲೆ ಒತ್ತಿ ನೋಡಬೇಕು, ಅಂಕಕ್ಕೆ ಸೇರದಿದ್ದರೂ ಟಾರ್ಚ್ ಬಿಟ್ಟು ಎರಡೂ ಕಣ್ಣಿನ ಪಾಪೆ ಒಂದೇ ಗಾತ್ರ ಇದೆಯಾ ನೋಡಬೇಕು. ಅರ್ಧ ಗಂಟೆ ಬಿಟ್ಟು ಮತ್ತೆ ಅದನ್ನೇ ಮಾಡಬೇಕು. ಒಂದೇ ಸಲ ಬರೆದಿಟ್ಟ ಅಂಕದಿಂದ ಹೆಚ್ಚು ಪ್ರಯೋಜನವಿಲ್ಲ. ಏರುತ್ತಿದೆಯಾ, ಇಳಿಯುತ್ತಿದೆಯಾ ಅನ್ನುವುದೇ ಬೇಕಾದ ಸುದ್ದಿ.

“ಕುಡಿದವರ ಅಂಕ ಹೇಗೂ ಕಡಿಮೆ ಇರುತ್ತೆ, ನಶೆ ಇಳಿದ ಮೇಲೆ ನೋಡೋಣ” ಅನ್ನುವ ವಾದ ಇದೆ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ ಅಮೆರಿಕದ ರಾಷ್ಟ್ರೀಯ ಟ್ರಾಮಾ (ಗಾಯಾಳುಗಳ) ದತ್ತಾಂಶದಲ್ಲಿದ್ದ, ತಲೆಗೆ ಪೆಟ್ಟಾದ ಒಂದು ಲಕ್ಷಕ್ಕೂ ಹೆಚ್ಚು ಜನರ ದಾಖಲೆ ಜಾಲಾಡಿ 2007ರಲ್ಲಿ ಬಂದ ಅಧ್ಯಯನ ಬೇರೆಯದೇ ಹೇಳಿತು. ಒಂದೇ ತೀವ್ರತೆಯ ಗಾಯ ಇದ್ದವರಲ್ಲಿ ಕುಡಿದವರಿಗೂ ಕುಡಿಯದವರಿಗೂ ಅಂಕದಲ್ಲಿ ಇದ್ದ ಸರಾಸರಿ ವ್ಯತ್ಯಾಸ ಒಂದು ಪಾಯಿಂಟ್ ಕೂಡ ಇರಲಿಲ್ಲ. ಅಂದರೆ ಅಂಕ ಇಳಿದಿದ್ದರೆ ಅದನ್ನು ಮೆದುಳಿನ ಲೆಕ್ಕಕ್ಕೇ ಬರೆಯಬೇಕು, ಬಾಟಲಿಯ ಲೆಕ್ಕಕ್ಕಲ್ಲ. ನಶೆ ಇಳಿಯಲಿ ಅಂತ ಕಾಯುತ್ತಾ ಕೂರುವುದಕ್ಕೆ ಆಧಾರವೇ ಇಲ್ಲ.

ಇನ್ನೊಂದು ಲೆಕ್ಕವೂ ಇದೆ, ಇದು ಮನೆಯವರೂ ಹಾಕಬಹುದಾದದ್ದು. ಸಾಮಾನ್ಯವಾಗಿ ರಕ್ತದಲ್ಲಿನ ಮದ್ಯ ಗಂಟೆಗೆ 100 ಮಿಲಿಲೀಟರಿಗೆ 15ರಿಂದ 20 ಮಿಲಿಗ್ರಾಂನಷ್ಟು ಇಳಿಯುತ್ತದೆ. ಕುಡಿಯುವುದು ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಬರೀ ನಶೆಯಾದರೆ ಮನುಷ್ಯ ಗಂಟೆಗಂಟೆಗೂ ಸುಧಾರಿಸುತ್ತಾ ಬರಬೇಕು. ಹನ್ನೊಂದಕ್ಕೆ ಬೈಯುತ್ತಿದ್ದವನು ಒಂದು ಗಂಟೆಗೆ ಗೊರಕೆ ಹೊಡೆಯುತ್ತಿದ್ದಾನೆ, ಎಬ್ಬಿಸಿದರೆ ಏಳುತ್ತಿಲ್ಲ ಅಂದರೆ ಅದು ಒಳ್ಳೇ ನಿದ್ದೆಯಲ್ಲ. “ಈಗ ಸುಮ್ನೆ ಮಲಗಿದಾನೆ, ಗಲಾಟೆ ನಿಂತಿತು” ಅಂತ ವಾರ್ಡಿನವರು ನೆಮ್ಮದಿಪಡುವ ಹೊತ್ತೇ ಬಹಳ ಸಲ ಅಪಾಯದ ಹೊತ್ತು.

ರೋಸೆನ್‌ಬಾಮ್ ವಿಷಯದಲ್ಲಿ ಇನ್ನೊಂದು ಕಿರಿಕಿರಿ ನನಗೆ ಇದೆ. 2000ದಲ್ಲೇ, ಅಂದರೆ ಈ ಘಟನೆಗೆ ಐದಾರು ವರ್ಷ ಮೊದಲೇ, ನ್ಯೂ ಆರ್ಲಿಯನ್ಸ್‌ನ ವೈದ್ಯರು ಒಂದು ಸಣ್ಣ ಪಟ್ಟಿ ಪ್ರಕಟಿಸಿದ್ದರು. ತಲೆಗೆ ಪೆಟ್ಟು ಬಿದ್ದು ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿದವರು ಆಮೇಲೆ ಪೂರ್ತಿ ಎಚ್ಚರವಾಗಿ ಕಂಡರೂ ಯಾರಿಗೆ ಸಿ.ಟಿ. ಸ್ಕ್ಯಾನ್ ಬೇಕು ಅನ್ನುವ ಪಟ್ಟಿ. ತಲೆನೋವು, ವಾಂತಿ, 60 ದಾಟಿದ ವಯಸ್ಸು, ಕುಡಿತ ಅಥವಾ ಮಾದಕ ವಸ್ತುವಿನ ನಶೆ, ಮರೆವು, ಕೊರಳೆಲುಬಿನಿಂದ (ಕಾಲರ್ ಬೋನ್) ಮೇಲೆ ಗಾಯದ ಗುರುತು, ಫಿಟ್ಸ್. ಇವುಗಳಲ್ಲಿ ಒಂದಿದ್ದರೂ ಸ್ಕ್ಯಾನ್ ಮಾಡಿ ಅನ್ನುತ್ತದೆ ಅದು. ಗಮನಿಸಿ, ಆ ಪಟ್ಟಿಯಲ್ಲಿ ನಶೆ ಇರುವುದು ಸ್ಕ್ಯಾನ್ ಮಾಡುವುದಕ್ಕೆ ಕಾರಣವಾಗಿ, ಬಿಡುವುದಕ್ಕೆ ಕಾರಣವಾಗಿ ಅಲ್ಲ. ಪೂರ್ತಿ ಎಚ್ಚರ ಇರುವವರಿಗೇ ಇಷ್ಟು ಎಚ್ಚರಿಕೆ. ಗ್ರಾಮರ್ಸಿ ಸ್ಟ್ರೀಟಿನಲ್ಲಿ ಬಿದ್ದಿದ್ದವರಿಗೆ 63 ವರ್ಷ, ವಾಂತಿಯಾಗಿತ್ತು, ಮಾತು ನೆಟ್ಟಗಿರಲಿಲ್ಲ. ಇನ್ನು ಕುಡಿದಿದ್ದಾರೆ ಅಂತ ಎಲ್ಲರೂ ಒಪ್ಪಿಕೊಂಡೇ ಇದ್ದರಲ್ಲ, ಹಾಗಾದರೆ ಅದೂ ಒಂದು ಕಾರಣ. ಯಾವ ಕಾರಣಕ್ಕೆ ಅವರನ್ನು ಕಾರಿಡಾರಿನಲ್ಲಿ ಬಿಟ್ಟರೋ ಅದೇ ಕಾರಣಕ್ಕೆ ಸ್ಕ್ಯಾನ್ ಕೋಣೆಗೆ ಓಡಿಸಬೇಕಿತ್ತು.

ಕುಡಿದ ದೇಹ ಪೆಟ್ಟು ತಿಂದರೆ

“ಕುಡಿದವರಿಗೆ ದೇವರೇ ಕಾವಲು, ಬಿದ್ದರೂ ಏನೂ ಆಗಲ್ಲ, ಮೈ ಸಡಿಲ ಇರುತ್ತೆ” ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. 1986ರಲ್ಲಿ ಉತ್ತರ ಕೆರೊಲಿನಾದ ಹತ್ತು ಲಕ್ಷಕ್ಕೂ ಹೆಚ್ಚು ಚಾಲಕರ ಅಪಘಾತದ ದಾಖಲೆ ನೋಡಿದವರಿಗೆ ಸಿಕ್ಕಿದ್ದು ಇದರ ಉಲ್ಟಾ. ವೇಗ, ಸೀಟ್‌ಬೆಲ್ಟ್, ಗಾಡಿ ಜಖಂ ಆದ ಪ್ರಮಾಣ ಎಲ್ಲ ಸರಿದೂಗಿಸಿ ನೋಡಿದರೂ, ಕುಡಿದಿದ್ದ ಚಾಲಕರಿಗೇ ತೀವ್ರ ಗಾಯ ಮತ್ತು ಸಾವು ಜಾಸ್ತಿ.

ಯಾಕೆ ಅಂತ ನೋಡಿದರೆ ಕಾರಣಗಳು ಒಂದರ ಮೇಲೊಂದು ಬೀಳುತ್ತವೆ. ಮದ್ಯ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಮೂತ್ರ ಜಾಸ್ತಿ ಮಾಡಿಸುತ್ತದೆ. ಅಂಥ ದೇಹದಿಂದ ರಕ್ತ ಹೋದಾಗ ಬಿ.ಪಿ. ಬೇಗ ಕುಸಿಯುತ್ತದೆ. ಚರ್ಮದ ನಾಳಗಳು ತೆರೆದುಕೊಂಡಿರುವುದರಿಂದ ಮೈ ಬೇಗ ತಣ್ಣಗಾಗುತ್ತದೆ. ತಣ್ಣಗಾದ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹೊಟ್ಟೆ ತುಂಬಿರುತ್ತದೆ, ಗಂಟಲಿನ ಎಚ್ಚರ ಮಂದವಾಗಿರುತ್ತದೆ. ವಾಂತಿ ಶ್ವಾಸಕೋಶಕ್ಕೆ ಇಳಿಯುವ ಭಯ ಅರಿವಳಿಕೆ ಕೊಡುವವರಿಗೆ ಯಾವಾಗಲೂ ಇದ್ದೇ ಇರುತ್ತದೆ. ಹೊಟ್ಟೆಯೊಳಗೆ ಗುಲ್ಮ ಒಡೆದಿದ್ದರೂ ಕುಡಿದವನು “ಏನೂ ನೋವಿಲ್ಲ ಡಾಕ್ಟ್ರೇ, ಮನೆಗೆ ಬಿಡಿ” ಅನ್ನಬಹುದು. ಕುತ್ತಿಗೆ ಮೂಳೆ ಮುರಿದಿದ್ದರೂ ಅಷ್ಟೇ. ಆದ್ದರಿಂದ ನಶೆಯಲ್ಲಿರುವವರು ನೋವಿಲ್ಲ ಅಂದರೆ ಕುತ್ತಿಗೆಯ ಪಟ್ಟಿ ತೆಗೆಯುವಂತಿಲ್ಲ.

ಇದು ಒಂದು ರಾತ್ರಿ ಕುಡಿದವರ ಮಾತು. ವರ್ಷಗಟ್ಟಲೆ ದಿನಾ ಕುಡಿದವರದ್ದು ಬೇರೆಯೇ ಕಥೆ. ಯಕೃತ್ತು ಸೋತಿರುತ್ತದೆ, ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಕಡಿಮೆ. ಪ್ಲೇಟ್‌ಲೆಟ್ ಕಡಿಮೆ. ಮೆದುಳು ಕುಗ್ಗಿರುತ್ತದೆ. ಒಣಗಿದ ಗಿಟುಕು ಚಿಪ್ಪಿನೊಳಗೆ ಅಲುಗಾಡಿದ ಹಾಗೆ, ಕುಗ್ಗಿದ ಮೆದುಳು ಬುರುಡೆಯೊಳಗೆ ಜಾಸ್ತಿ ಅಲುಗಾಡುತ್ತದೆ. ಅದರ ಮೇಲ್ಭಾಗದಿಂದ ಬುರುಡೆಯ ಪೊರೆಗೆ ಹೋಗುವ ಸಣ್ಣ ಅಭಿಧಮನಿಗಳು ಮೊದಲೇ ಜಗ್ಗಿಕೊಂಡಿರುತ್ತವೆ. ಬಚ್ಚಲಲ್ಲಿ ಜಾರಿದಷ್ಟಕ್ಕೇ ಅವು ಹರಿದು, ನಿಧಾನವಾಗಿ ರಕ್ತ ಶೇಖರವಾಗುವುದುಂಟು. “ಹದಿನೈದು ದಿನದ ಹಿಂದೆ ಬಿದ್ದಿದ್ದರು, ಆಗ ಏನೂ ಆಗಿರಲಿಲ್ಲ, ಈಗ ಯಾಕೋ ಮಂಕಾಗಿದ್ದಾರೆ” ಅಂತ ಕರೆದುಕೊಂಡು ಬರುವುದು ಇಂಥವರನ್ನೇ.

ಸಿಯಾಟಲ್‌ನ ಹಾರ್ಬರ್‌ವ್ಯೂ ಟ್ರಾಮಾ ಕೇಂದ್ರದ ವೈದ್ಯರು 1993ರಲ್ಲಿ ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡಿದರು. ಅವರು ಕಂಡದ್ದು ಸ್ವಲ್ಪ ಅನಿರೀಕ್ಷಿತ. ಆಸ್ಪತ್ರೆಗೆ ಜೀವಂತ ಬಂದವರಲ್ಲಿ, ಆ ರಾತ್ರಿಯ ನಶೆಯಿಂದಷ್ಟೇ ಸಾವು ಹೆಚ್ಚಾಗಲಿಲ್ಲ. ಆದರೆ ದೀರ್ಘಕಾಲದ ಕುಡಿತ ಇದ್ದವರಲ್ಲಿ ನ್ಯುಮೋನಿಯಾ, ಸೋಂಕಿನಂಥ ತೊಂದರೆಗಳು ಸುಮಾರು ಎರಡು ಪಟ್ಟು. ಆಪರೇಷನ್ ಚೆನ್ನಾಗಿಯೇ ಆಗಿ, ಎಂಟನೇ ದಿನ ಜ್ವರ ಬಂದು ಹದಗೆಡುವ ರೋಗಿಗಳನ್ನು ನೋಡಿದವರಿಗೆ ಇದು ಹೊಸದೇನಲ್ಲ.

ಇಲ್ಲಿ ಒಂದು ಕುತೂಹಲದ ಅಂಕಿ ಇದೆ, ಇದನ್ನು ಮುಚ್ಚಿಡುವುದು ಸರಿಯಲ್ಲ. 2009ರಲ್ಲಿ ಅಮೆರಿಕದ ಅದೇ ರಾಷ್ಟ್ರೀಯ ದತ್ತಾಂಶದಿಂದ ಮೆದುಳಿಗೆ ಮಧ್ಯಮ ಅಥವಾ ತೀವ್ರ ಪೆಟ್ಟಾದ 38,019 ಜನರ ದಾಖಲೆ ನೋಡಿದಾಗ, ರಕ್ತದಲ್ಲಿ ಮದ್ಯ ಇದ್ದವರಲ್ಲಿ ಸತ್ತವರು ಶೇ. 7.7, ಇಲ್ಲದವರಲ್ಲಿ ಶೇ. 9.7. ಅಂದರೆ ಕುಡಿದವರೇ ಸ್ವಲ್ಪ ಹೆಚ್ಚು ಬದುಕಿದರು! ಮದ್ಯ ಮೆದುಳಿನ ಉರಿಯೂತ ತಗ್ಗಿಸುತ್ತದೋ ಏನೋ ಅಂತ ಚರ್ಚೆಯೂ ನಡೆಯಿತು. ಯಾರಾದರೂ ಇದನ್ನು ವಾಟ್ಸಾಪ್‌ಗೆ ಹಾಕುವ ಮುಂಚೆ ಮೂರು ಮಾತು. ರಸ್ತೆಯಲ್ಲೇ ಸತ್ತವರು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಕುಡಿಯದಿದ್ದರೆ ಎಷ್ಟೋ ಜನರಿಗೆ ಪೆಟ್ಟೇ ಬೀಳುತ್ತಿರಲಿಲ್ಲ, ಅದೂ ಲೆಕ್ಕದಲ್ಲಿಲ್ಲ. ಮೂರನೆಯದು, ಅದೇ ಅಧ್ಯಯನದಲ್ಲಿ ಕುಡಿದವರಿಗೆ ಆಸ್ಪತ್ರೆಯಲ್ಲಿ ಬೇರೆ ತೊಡಕುಗಳು ಜಾಸ್ತಿ ಆಗಿದ್ದವು.

ಅಂಕಿಗಳು ಹೀಗೆ ಅತ್ತಿತ್ತ ಎಳೆದಾಡುವುದರಿಂದಲೇ ರೋಸೆನ್‌ಬಾಮ್ ಪ್ರಕರಣ ನನಗೆ ಮುಖ್ಯ ಅನ್ನಿಸುವುದು. ಮದ್ಯ ರಕ್ತಕ್ಕೆ, ಮೆದುಳಿಗೆ, ಶ್ವಾಸಕೋಶಕ್ಕೆ ಏನು ಮಾಡುತ್ತದೆ ಅಂತ ಅಧ್ಯಯನಗಳು ಅಳೆಯುತ್ತವೆ. ಅದರ ವಾಸನೆ ಎದುರಿಗೆ ನಿಂತವರ ಕಣ್ಣಿಗೆ ಏನು ಮಾಡುತ್ತದೆ ಅನ್ನುವುದನ್ನು ಅಳೆಯುವುದು ಕಷ್ಟ. ಗಾಯಾಳುವಿನ ಮೊದಲ ಒಂದೆರಡು ಗಂಟೆಗಳನ್ನು ಅದು ನುಂಗಿಹಾಕಬಲ್ಲದು. ಹಾಗೆ ಹೋದ ಹೊತ್ತು ಯಾವ ಪಟ್ಟಿಯಲ್ಲೂ ಮದ್ಯದ ಖಾತೆಗೆ ಬೀಳುವುದಿಲ್ಲ.

ಕುಟುಂಬ ಕೇಳಿದ್ದು

2006ರ ಜೂನ್‌ನಲ್ಲಿ ನಗರದ ಇನ್‌ಸ್ಪೆಕ್ಟರ್ ಜನರಲ್ ಕಚೇರಿ (ಪೊಲೀಸ್ ಐ.ಜಿ. ಅಲ್ಲ, ನಗರಾಡಳಿತದ ಲೋಪ ತನಿಖೆ ಮಾಡುವ ಕಚೇರಿ) ತನಿಖಾ ವರದಿ ಕೊಟ್ಟಿತು. ಅಗ್ನಿಶಾಮಕ ದಳ, ಆಂಬುಲೆನ್ಸ್, ಪೊಲೀಸ್, ಆಸ್ಪತ್ರೆ, ಯಾರನ್ನೂ ಬಿಡಲಿಲ್ಲ. ಒಬ್ಬರು ಮಾಡಿದ ಒಂದು ದೊಡ್ಡ ತಪ್ಪು ಅಂತ ಬೆರಳು ತೋರಿಸುವ ಹಾಗಿರಲಿಲ್ಲ. ಪ್ರತಿಯೊಬ್ಬರೂ ಹಿಂದಿನವರ ಮಾತು ನಂಬಿ ತಮ್ಮ ಪಾಲಿನ ತಪಾಸಣೆ ಬಿಟ್ಟಿದ್ದರು. ಆಂಬುಲೆನ್ಸ್‌ನವರಿಗೆ ಫೈರ್ ಎಂಜಿನ್‌ನವರ ಮಾತು ಸಾಕಾಯಿತು, ಆಸ್ಪತ್ರೆಗೆ ಆಂಬುಲೆನ್ಸ್‌ನವರ ಮಾತು ಸಾಕಾಯಿತು. ಕೈಯಿಂದ ಕೈಗೆ ದಾಟಿದ್ದು ರೋಗಿಯ ಜೊತೆಗೆ ಆ ಒಂದು ಹಣೆಪಟ್ಟಿಯೂ ಹೌದು.

ಹಲ್ಲೆ ಮಾಡಿದ ಇಬ್ಬರೂ ಸಿಕ್ಕಿಬಿದ್ದರು. ಒಬ್ಬ ತಪ್ಪೊಪ್ಪಿಕೊಂಡು ಇನ್ನೊಬ್ಬನ ವಿರುದ್ಧ ಸಾಕ್ಷಿ ಹೇಳಿದ. ಇಬ್ಬರಿಗೂ ದೀರ್ಘ ಶಿಕ್ಷೆಯಾಯಿತು. ರೋಸೆನ್‌ಬಾಮ್ ಅವರ ಹೆಂಡತಿಯೂ ಅದೇ ವರ್ಷ ಕ್ಯಾನ್ಸರ್‌ನಿಂದ ತೀರಿಕೊಂಡರು.

ಕುಟುಂಬ ನಗರದ ಮೇಲೆ 2 ಕೋಟಿ ಡಾಲರ್ ದಾವೆ ಹೂಡಿತು. 2007ರಲ್ಲಿ ಒಂದು ಅಪರೂಪದ ಒಪ್ಪಂದ ಮಾಡಿಕೊಂಡಿತು. ದುಡ್ಡು ಬೇಡ, ತುರ್ತು ವೈದ್ಯಕೀಯ ಸೇವೆ ಸರಿಮಾಡುವುದಕ್ಕೆ ಒಂದು ಸಮಿತಿ ಮಾಡಿ, ಸುಧಾರಣೆ ತನ್ನಿ, ನಗರದ ಮೇಲಿನ ದಾವೆ ಕೈಬಿಡುತ್ತೇವೆ ಅಂದರು. ಮೇಯರ್ ಏಡ್ರಿಯನ್ ಫೆಂಟಿ ಒಪ್ಪಿದರು. ರೋಸೆನ್‌ಬಾಮ್ ಹೆಸರಿನಲ್ಲೇ ಸಮಿತಿ ರಚನೆಯಾಗಿ ಅದೇ ವರ್ಷ ವರದಿ ಕೊಟ್ಟಿತು. ಬೆಂಕಿ ಆರಿಸುವುದು ಒಂದು ಕೆಲಸ, ರೋಗಿ ನೋಡುವುದು ಇನ್ನೊಂದು ಕೆಲಸ ಅಂತ ಒಂದೇ ಇಲಾಖೆಯೊಳಗೆ ಬೆಳೆದಿದ್ದ ಗೋಡೆಯನ್ನು ಒಡೆಯುವುದು ಅದರ ಮುಖ್ಯ ಗುರಿಯಾಗಿತ್ತು. ಇಂಥ ಕೆಲಸ ಒಂದು ವರದಿಯಿಂದ ಮುಗಿಯುವುದಿಲ್ಲ. ಆದರೂ, ಪರಿಹಾರದ ಮೊತ್ತಕ್ಕೆ ಚೌಕಾಸಿ ಮಾಡುವ ಬದಲು ಆಂಬುಲೆನ್ಸ್ ಸರಿ ಮಾಡಿ ಅಂತ ಕೇಳಿದ ಕುಟುಂಬ ನನಗೆ ದೊಡ್ಡದಾಗಿ ಕಾಣುತ್ತದೆ.

ನಮ್ಮ ಕ್ಯಾಶುವಾಲ್ಟಿಯ ಬಾಗಿಲಲ್ಲಿ

ಇದನ್ನೆಲ್ಲ ಓದಿ “ಅಮೆರಿಕದಲ್ಲೇ ಹೀಗಾದರೆ” ಅಂತ ನಿಟ್ಟುಸಿರು ಬಿಡಬಹುದು. ನಮ್ಮಲ್ಲಿ ಸಮಸ್ಯೆಯ ಮುಖ ಸ್ವಲ್ಪ ಬೇರೆ. ಕಾರಿಡಾರ್ ನಮ್ಮಲ್ಲೂ ಇದೆ, ನೆಲದ ಮೇಲೂ ರೋಗಿಗಳಿದ್ದಾರೆ. ಮದ್ಯ ಮತ್ತು ಗಾಯದ ನಂಟನ್ನು ಕ್ಯಾಶುವಾಲ್ಟಿಯಲ್ಲೇ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಹನ್ನೆರಡು ದೇಶಗಳಲ್ಲಿ ಅಧ್ಯಯನ ಮಾಡಿಸಿದಾಗ ಭಾರತದಿಂದ ಆರಿಸಿದ ಊರು ಬೆಂಗಳೂರು. ನಿಮ್ಹಾನ್ಸ್‌ನ ತಲೆಪೆಟ್ಟಿನ ವಿಭಾಗದ ಮುಂದೆ ರಾತ್ರಿ ಹತ್ತರ ಮೇಲೆ ನಿಂತರೆ ಯಾಕೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಅಡ್ಡ ಬರುವುದು ಇನ್ನೊಂದು ವಿಷಯ: ಕೇಸ್ ಶೀಟ್. ಬೈಕಿನಿಂದ ಬಿದ್ದವನನ್ನು ತಂದ ಕೂಡಲೇ ಭಾವನೋ ಚಿಕ್ಕಪ್ಪನೋ ವೈದ್ಯರನ್ನು ಪಕ್ಕಕ್ಕೆ ಕರೆಯುತ್ತಾರೆ. ಧ್ವನಿ ಸಣ್ಣದು ಮಾಡಿ, “ಸಾರ್, ಕುಡಿದಿದ್ದು ಮಾತ್ರ ಬರೀಬೇಡಿ, ಇನ್ಶೂರೆನ್ಸ್ ಬರಲ್ಲ” ಅನ್ನುತ್ತಾರೆ. ಅವರ ಭಯ ಸುಳ್ಳಲ್ಲ. ಅಪಘಾತ ವಿಮೆಗಳಲ್ಲಿ ನಶೆಯಲ್ಲಿ ಆದ ಗಾಯಕ್ಕೆ ದುಡ್ಡಿಲ್ಲ ಅನ್ನುವ ಷರತ್ತು ಸಾಮಾನ್ಯ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಗಾಡಿ ಓಡಿಸುವವರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯ 30 ಮಿಲಿಗ್ರಾಂ ದಾಟಿದರೆ ಅಪರಾಧ, 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಜೈಲು, ಇಲ್ಲವೇ ಎರಡೂ. ಅಮೆರಿಕದಲ್ಲೂ ಇದೇ ಗೋಳು ಇತ್ತು. 1947ರ ಒಂದು ಮಾದರಿ ಕಾನೂನು ಕುಡಿದು ಗಾಯಗೊಂಡವರ ಖರ್ಚು ಕೊಡದಿರಲು ವಿಮೆ ಕಂಪನಿಗಳಿಗೆ ದಾರಿ ಮಾಡಿಕೊಟ್ಟಿತ್ತು. ಅದಕ್ಕೆ ಹೆದರಿ ಎಷ್ಟೋ ಆಸ್ಪತ್ರೆಗಳು ರಕ್ತದಲ್ಲಿ ಮದ್ಯ ಇದೆಯಾ ಅಂತ ನೋಡುವುದನ್ನೇ ಬಿಟ್ಟಿದ್ದವು.

ಹೀಗೆ ಮುಚ್ಚಿಟ್ಟರೆ ಏನಾಗುತ್ತದೆ? ಮೂರನೇ ರಾತ್ರಿ ಗೊತ್ತಾಗುತ್ತದೆ. ಮೂಳೆ ವಾರ್ಡಿನಲ್ಲಿ ತೊಡೆ ಮುರಿದು ಮಲಗಿದ್ದವನು ಬೆಳಗ್ಗೆಯಿಂದ ಬೆವರುತ್ತಿರುತ್ತಾನೆ, ಕೈ ನಡುಗುತ್ತಿರುತ್ತದೆ. ಸಂಜೆ ಹೊದಿಕೆಯ ಮೇಲೆ ಇಲ್ಲದ ಹುಳುಗಳನ್ನು ಕೀಳಲು ಶುರುಮಾಡುತ್ತಾನೆ. ರಾತ್ರಿ ಡ್ರಿಪ್ ಕಿತ್ತೆಸೆದು, ಭಾರ ಕಟ್ಟಿದ ಕಾಲಿನಲ್ಲೇ ಎದ್ದು ಹೊರಡುತ್ತಾನೆ. ಮನೆಯವರು ಗಾಳಿ ಸೋಕಿದೆ ಅನ್ನುತ್ತಾರೆ. ಡ್ಯೂಟಿಯಲ್ಲಿರುವ ಹೊಸ ಹುಡುಗ ತಲೆಗೂ ಪೆಟ್ಟಾಗಿತ್ತೇನೋ ಅಂತ ಸ್ಕ್ಯಾನ್‌ಗೆ ಬರೆಯುತ್ತಾನೆ. ಅದು ತಪ್ಪೇನಲ್ಲ, ಸ್ಕ್ಯಾನ್ ಆಗಲೇಬೇಕು. ಆದರೆ ನಿಜವಾದ ಕಾರಣ ದಿನಾ ಒಳಗೆ ಹೋಗುತ್ತಿದ್ದ ಕ್ವಾರ್ಟರ್ ನಿಂತದ್ದು. ದಿನನಿತ್ಯ ಕುಡಿಯುವವರಲ್ಲಿ ಮದ್ಯ ನಿಂತ ಆರು ಗಂಟೆಯಿಂದಲೇ ನಡುಕ ಶುರುವಾಗಬಹುದು. ಫಿಟ್ಸ್ ಬರುವುದಾದರೆ ಸಾಮಾನ್ಯವಾಗಿ ಮೊದಲ ಎರಡು ದಿನದಲ್ಲಿ. ಎರಡರಿಂದ ನಾಲ್ಕನೇ ದಿನದ ನಡುವೆ ಈ ಭ್ರಮೆ, ಜ್ವರ, ಗಾಬರಿ. ಸರಿಯಾದ ಔಷಧಿ ಇಲ್ಲದೆ ಬಿಟ್ಟರೆ ಇದೂ ಜೀವ ತೆಗೆಯುತ್ತದೆ. ಮೊದಲ ದಿನವೇ ಹಾಳೆಯಲ್ಲಿ ಒಂದು ಸಾಲು ಇದ್ದಿದ್ದರೆ ನಡುಕಕ್ಕೆ ಔಷಧಿ, ಜೊತೆಗೆ ಥಯಮಿನ್ ಇಂಜೆಕ್ಷನ್ ಶುರುವಾಗುತ್ತಿತ್ತು. ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಬಾಟಲಿ ಏರಿಸುತ್ತಾ ಹೋದರೆ, ಮೊದಲೇ ಆ ಜೀವಸತ್ವ ಕಡಿಮೆ ಇರುವ ಮೆದುಳಿಗೆ ಕಾಯಂ ಹಾನಿಯಾಗಬಹುದು. ಅಗ್ಗದ ಔಷಧಿ, ಯಾವ ಊರಿನ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ.

ಅಂದರೆ ವಾಷಿಂಗ್ಟನ್‌ನಲ್ಲಿ ಮದ್ಯವನ್ನೇ ನೋಡಿ ಗಾಯವನ್ನು ನೋಡಲಿಲ್ಲ. ನಮ್ಮಲ್ಲಿ ಎಷ್ಟೋ ಸಲ ಗಾಯ ನೋಡುತ್ತೇವೆ, ಮದ್ಯವನ್ನು ಹಾಳೆಯಿಂದ ಅಳಿಸುತ್ತೇವೆ. ಎರಡರಲ್ಲೂ ಪೆಟ್ಟು ತಿನ್ನುವುದು ಮಂಚದ ಮೇಲಿರುವವನೇ.

ಬರೆದರೆ ಇನ್ನೊಂದು ಲಾಭವಿದೆ. ಹಾರ್ಬರ್‌ವ್ಯೂನಲ್ಲೇ ಲ್ಯಾರಿ ಜೆಂಟಿಲೆಲ್ಲೋ ಮತ್ತು ಜೊತೆಗಾರರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕುಡಿತದ ತೊಂದರೆ ಇದ್ದ ಗಾಯಾಳುಗಳ ಜೊತೆ ವಾರ್ಡಿನಲ್ಲೇ ಸುಮಾರು ಅರ್ಧ ಗಂಟೆ ಮಾತಾಡಿದರು. ಬೈಗುಳ ಇಲ್ಲ, ಭಾಷಣ ಇಲ್ಲ. ಎಷ್ಟು ಕುಡೀತೀರಿ, ಈ ಅಪಘಾತಕ್ಕೂ ಅದಕ್ಕೂ ಸಂಬಂಧ ಇದೆ ಅನ್ನಿಸುತ್ತಾ, ಕಡಿಮೆ ಮಾಡೋ ಮನಸ್ಸಿದೆಯಾ, ಇಷ್ಟೇ. ಆಮೇಲೆ ಒಂದು ಪತ್ರ ಕಳಿಸಿದರು. ಹೀಗೆ ಮಾತಾಡಿಸಿದವರಲ್ಲಿ ಮತ್ತೆ ಗಾಯವಾಗಿ ಆಸ್ಪತ್ರೆಗೆ ಬರುವುದು ಶೇ. 47ರಷ್ಟು ಇಳಿಯಿತು. ಆಮೇಲೆ ಅಮೆರಿಕದ ಸರ್ಜನ್‌ಗಳ ಸಂಘ ದೊಡ್ಡ ಟ್ರಾಮಾ ಕೇಂದ್ರಗಳಿಗೆಲ್ಲ ಇಂಥ ತಪಾಸಣೆ ಕಡ್ಡಾಯ ಮಾಡಿತು. ಕಾಲಿಗೆ ಪ್ಲಾಸ್ಟರ್ ಬಿದ್ದು, ಎದುರಿಗೆ ಹೆಂಡತಿ ಮಕ್ಕಳು ಕೂತಿರುವಾಗ ಮನಸ್ಸು ಕೇಳಲು ತಯಾರಿರುತ್ತದೆ. ಡಿಸ್ಚಾರ್ಜ್ ಆಗಿ ಹದಿನೈದು ದಿನ ಕಳೆದ ಮೇಲೆ ಆ ಬಾಗಿಲು ಮುಚ್ಚಿರುತ್ತದೆ.

ನಾಳೆ ನೀವೇ ಯಾರನ್ನಾದರೂ ಹೀಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿ ಬಂದರೆ, “ಕುಡಿದಿದ್ದಾನೆ” ಅಂತ ಶುರುಮಾಡಬೇಡಿ. ಎಷ್ಟು ಹೊತ್ತಿಗೆ ಬಿದ್ದ, ಎಲ್ಲಿಗೆ ಪೆಟ್ಟಾಯಿತು, ಬಿದ್ದ ಮೇಲೆ ಎಷ್ಟು ಹೊತ್ತು ಮಾತಾಡಿದ, ವಾಂತಿ ಆಯಿತಾ, ಈಗ ಮೊದಲಿಗಿಂತ ಮಂಕಾಗಿದ್ದಾನಾ, ಇದನ್ನು ಮೊದಲು ಹೇಳಿ. ಕುಡಿತದ ಮಾತು ಆಮೇಲೆ, ಆದರೆ ಖಂಡಿತ ಹೇಳಿ: ದಿನಾ ಕುಡಿಯುತ್ತಾನಾ, ಎಷ್ಟು, ಕೊನೆಯ ಸಲ ಕುಡಿದದ್ದು ಎಷ್ಟು ಗಂಟೆಗೆ. ಆ ಗಂಟೆಯಿಂದಲೇ ವಾರ್ಡಿನವರು ಮುಂದಿನ ನಾಲ್ಕು ದಿನದ ಲೆಕ್ಕ ಹಾಕುತ್ತಾರೆ.